ಅಸಮವೋ ವಿಷಮವೋ: ತ್ರಿಭುಜನಾಮಗಳ ಸಮಾಸರಚನೆಯ ವಿಮರ್ಶೆ

ಕನ್ನಡದ ಶಾಲಾಗಣಿತವು ತ್ರಿಭುಜಗಳನ್ನು ಬಾಹುಗಳ ಆಧಾರದಿಂದ ಸಮಬಾಹು, ಸಮದ್ವಿಬಾಹು, ಅಸಮಬಾಹು ಎಂದೂ ಕೋನಗಳ ಆಧಾರದಿಂದ ಲಘುಕೋನ, ಲಂಬಕೋನ, ವಿಶಾಲಕೋನ ಎಂದೂ ವಿಂಗಡಿಸುತ್ತದೆ. ಈ ಪದಗಳ ಮೇಲೆ ವಾಡಿಕೆಯಾಗಿ ಬರುವ ಆಕ್ಷೇಪ ಒಂದೇ: ಅವು ಸಂಸ್ಕೃತದವು, ಆದುದರಿಂದ ಮಕ್ಕಳಿಗೆ ಕಠಿಣ. ಈ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ. ತೊಡಕಿರುವುದು ಪದಗಳ ಮೂಲದಲ್ಲಲ್ಲ, ಸಮಾಸದೊಳಗೆ ಅಡಗಿರುವ ಸಂಬಂಧಗಳಲ್ಲಿ.

‘ಅಸಮಬಾಹು’ವನ್ನು ಎರಡು ಬಗೆಯಾಗಿ ಬಿಡಿಸಬಹುದು. ನಿಷೇಧಾರ್ಥದ ‘ಅ’ಕಾರವು ‘ಸಮ’ಕ್ಕೆ ಮಾತ್ರ ಅನ್ವಯಿಸಿದರೆ, ಪರಸ್ಪರ ಅಸಮವಾದ ಬಾಹುಗಳುಳ್ಳದ್ದು ಎಂಬ ಅಪೇಕ್ಷಿತ ಅರ್ಥ ದೊರೆಯುತ್ತದೆ. ಅದು ‘ಸಮಬಾಹು’ ಎಂಬ ಇಡೀ ಸಮಾಸವನ್ನು ನಿಷೇಧಿಸಿದರೆ, ಸಮಬಾಹುವಲ್ಲದ್ದು ಎಂದಾಗುತ್ತದೆ. ಆಗ 5, 5, 8 ಸೆಂ.ಮೀ. ಬಾಹುಗಳ ತ್ರಿಭುಜವೂ ಅಸಮಬಾಹುವೇ! ಪಟ್ಟಿಯಲ್ಲಿ ‘ಸಮಬಾಹು’ ಜೊತೆಗೇ ಇರುವಾಗ ಎರಡನೆಯ ವಿಗ್ರಹವೇ ಸಹಜ. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಈ ಗೊಂದಲವಿಲ್ಲ, ಅಲ್ಲಿಯ ತ್ರಿವಿಭಾಗ ಸಮ, ದ್ವಿಸಮ, ವಿಷಮ. ‘ವಿಷಮ’ದಲ್ಲಿಯೂ ಉಪಸರ್ಗವಿದೆ, ನಿಜ. ಆದರೆ ಕನ್ನಡದಲ್ಲಿ ಅದು ಸ್ವತಂತ್ರ ಪದವಾಗಿ ನೆಲೆಗೊಂಡಿದೆ; ‘ವಿಷಮ ಪರಿಸ್ಥಿತಿ’ ಎಂದವರು ‘ಸಮ’ದ ನಿಷೇಧವನ್ನು ಮನಸ್ಸಿನಲ್ಲಿಟ್ಟುಕೊಂಡಿರುವುದಿಲ್ಲ. ಹಿಂದಿಯ ಪಠ್ಯಗಳು ‘ವಿಷಮಬಾಹು’ವನ್ನೇ ಉಳಿಸಿಕೊಂಡಿವೆ.

‘ಸಮದ್ವಿಬಾಹು’ವಿನ ತೊಡಕು ಸಂಖ್ಯಾವಾಚಕದ್ದು. ಸಮಬಾಹು ತ್ರಿಭುಜವು ಸಮದ್ವಿಬಾಹುವೂ ಹೌದೇ? ಇಂದಿನ ಗಣಿತದ ರೂಢಿಯಲ್ಲಿ ಹೌದು. ಯೂಕ್ಲಿಡ್ ಒಪ್ಪುತ್ತಿರಲಿಲ್ಲ, ಅವನ ಮೊದಲ ಗ್ರಂಥದ ಇಪ್ಪತ್ತನೆಯ ವ್ಯಾಖ್ಯೆ ಎರಡು ಬಾಹುಗಳು ‘ಮಾತ್ರ’ ಸಮವಾಗಿರಬೇಕೆಂದು ವಿಧಿಸುತ್ತದೆ. ಗಮನಿಸಬೇಕಾದುದೆಂದರೆ, ಗ್ರೀಕ್ ಹೆಸರಿನಲ್ಲಿ ಸಂಖ್ಯೆಯೇ ಇಲ್ಲ. ‘ಸಮಾನ ಕಾಲುಗಳುಳ್ಳದ್ದು’ ಎಂದಷ್ಟೇ ಅದರ ಅರ್ಥ. (ಅವರಿಗೆ ಕಾಲು, ನಮಗೆ ತೋಳು.) ನಮ್ಮಲ್ಲಿ ಸಂಖ್ಯೆ ಹೆಸರಿನೊಳಗೇ ಕುಳಿತಿದೆ. ಲಾರೆನ್ಸ್ ಹಾರ್ನ್ 1972ರ ತಮ್ಮ ಪ್ರೌಢಪ್ರಬಂಧದಲ್ಲಿ ವಾದಿಸಿದಂತೆ ‘ಎರಡು’ ಎಂಬುದರ ವಾಚ್ಯಾರ್ಥ ‘ಕನಿಷ್ಠ ಎರಡು’. ‘ಎರಡೇ’ ಎಂಬುದು ಸೂಚ್ಯಾರ್ಥ. ವಾಕ್ಯದಲ್ಲಿ ಕನ್ನಡವು ಈ ಭೇದವನ್ನು ‘ಎರಡೇ’, ‘ಎರಡಾದರೂ’ ಎಂದು ಸಲೀಸಾಗಿ ತೋರಿಸಬಲ್ಲದು. ಸಮಾಸದೊಳಗೆ ಈ ಅವ್ಯಯಗಳಿಗೆ ಎಡೆಯಿಲ್ಲ. ಅಚ್ಚಗನ್ನಡದಲ್ಲಿ ‘ಎರಡುಸರಿಬದಿ’ ಎಂದು ಕಟ್ಟಿದರೂ ಇದೇ ಪಾಡು. ಆದುದರಿಂದಲೇ ಮೂಲದ ಚರ್ಚೆ ಇಲ್ಲಿ ನಿಷ್ಫಲ.

ಕೋನವರ್ಗದಲ್ಲಿ ಇನ್ನೂ ಸೂಕ್ಷ್ಮವಾದ ಅಸಮತೆಯಿದೆ. ಲಂಬಕೋನ ತ್ರಿಭುಜದಲ್ಲಿ ಒಂದು ಲಂಬಕೋನವಿದ್ದರೆ ಸಾಕು, ವಿಶಾಲಕೋನಕ್ಕೂ ಅಷ್ಟೇ. ಲಘುಕೋನ ತ್ರಿಭುಜದಲ್ಲಿ ಮೂರೂ ಕೋನಗಳು ಲಘುವಾಗಿರಬೇಕು. ಯಾವುದೇ ತ್ರಿಭುಜದಲ್ಲಿ ಕನಿಷ್ಠ ಎರಡು ಲಘುಕೋನಗಳಿರುವುದರಿಂದ, ‘ಲಘುಕೋನವುಳ್ಳದ್ದು’ ಎಂಬ ಬಹುವ್ರೀಹಿಯು ಅಕ್ಷರಶಃ ಎಲ್ಲ ತ್ರಿಭುಜಗಳಿಗೂ ಸಲ್ಲುತ್ತದೆ. ಒಂದೇ ರಚನೆಯ ಮೂರು ಪದಗಳಲ್ಲಿ ಒಂದು ‘ಎಲ್ಲ’ ಎಂಬುದನ್ನೂ ಎರಡು ‘ಒಂದು’ ಎಂಬುದನ್ನೂ ಗರ್ಭೀಕರಿಸಿವೆ. ಸಮಾಸದ ಪೂರ್ವಪದಗಳು ವಚನವನ್ನು ತೋರಿಸದ ಕಾರಣ ಈ ವ್ಯತ್ಯಾಸ ರೂಪದಲ್ಲಿ ಕಾಣಿಸುವುದೇ ಇಲ್ಲ.

ಕನ್ನಡ ಮಾಧ್ಯಮದ ವಿದ್ಯಾರ್ಥಿಯೊಬ್ಬಳು 5, 5, 8ರ ತ್ರಿಭುಜವನ್ನು ಅಸಮಬಾಹುವೆಂದು ಗುರುತಿಸಿದರೆ ಅಂಕ ಕಳೆದುಕೊಳ್ಳುತ್ತಾಳೆ, ಅದೂ ಪದವನ್ನು ವ್ಯಾಕರಣಬದ್ಧವಾಗಿ ಬಿಡಿಸಿದ್ದಕ್ಕೆ. ‘ಅಸಮಬಾಹು’ವಿನ ಸ್ಥಾನದಲ್ಲಿ ‘ವಿಷಮಬಾಹು’ ಬರಬೇಕೆಂದು ನಾವು ಸೂಚಿಸುತ್ತೇವೆ. ಉಳಿದ ಹೆಸರುಗಳನ್ನು ಬದಲಿಸುವ ಅಗತ್ಯವಿಲ್ಲ. ಆದರೆ ಪಠ್ಯದ ವ್ಯಾಖ್ಯೆಗಳಲ್ಲಿ ‘ಎರಡಾದರೂ’, ‘ಒಂದು’, ‘ಮೂರೂ’ ಎಂಬ ಮಾತುಗಳನ್ನು ಬಿಡದೆ ಬರೆಯತಕ್ಕದ್ದು.