ಬ್ಲೂಸ್ ಓದುವವರು ಕೇಳಬೇಕಾದದ್ದು

ಡಬ್ಲ್ಯೂ. ಇ. ಬಿ. ಡುಬಾಯ್ಸ್ 1903ರಲ್ಲಿ ಪ್ರಕಟಿಸಿದ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ ಕೃತಿಯನ್ನು ನಾನು ಮೊದಲು ಓದಿದ್ದು ಬರಿ ಅಕ್ಷರಗಳಿರುವ ಡಿಜಿಟಲ್ ಪ್ರತಿಯೊಂದರಲ್ಲಿ. ಅಧ್ಯಾಯದ ತಲೆಯಲ್ಲಿ ಕವಿತೆಯ ಕೆಲವು ಸಾಲು, ಅದರ ಕೆಳಗೆ ನೇರವಾಗಿ ಗದ್ಯ. ಬಹಳ ದಿನಗಳ ಮೇಲೆ ಹಳೆಯ ಮುದ್ರಣದ ಪುಟಗಳನ್ನೇ ಚಿತ್ರಗಳಾಗಿ ತೆಗೆದಿಟ್ಟ ಇನ್ನೊಂದು ಪ್ರತಿ ಸಿಕ್ಕಿತು. ಅದರಲ್ಲಿ ಕವಿತೆಯ ಕೆಳಗೆ ಐದು ಗೆರೆಗಳ ಮೇಲೆ ಬರೆದ ಸ್ವರಲಿಪಿ ಇತ್ತು. ಗುಲಾಮರಾಗಿದ್ದ ಜನ ಹಾಡುತ್ತಿದ್ದ ಭಕ್ತಿಗೀತೆಗಳ ತುಣುಕುಗಳವು. ಡುಬಾಯ್ಸ್ ಅವುಗಳಿಗೆ ಹೆಸರು ಕೊಟ್ಟಿರಲಿಲ್ಲ, ಪದಗಳನ್ನೂ ಜೋಡಿಸಿರಲಿಲ್ಲ. ಅವು ಏನೆಂಬುದನ್ನು ಕೊನೆಯ ಅಧ್ಯಾಯದಲ್ಲಷ್ಟೇ ಬಿಡಿಸಿ ಹೇಳುತ್ತಾರೆ. ಸಂಗೀತದ ಮೇಲೆ ಕಟ್ಟಿದ ಒಂದು ಪುಸ್ತಕವನ್ನು ಸಂಗೀತವೇ ಇಲ್ಲದೆ ಓದಿ ಮುಗಿಸಿದ್ದೆ. ಪುಸ್ತಕ ಅರ್ಥವಾಗಿದೆ ಎಂದೂ ನಂಬಿದ್ದೆ.

ಈ ತಪ್ಪು ನನ್ನೊಬ್ಬನದಲ್ಲ. ಇಂಟರ್ನೆಟ್ ಆರ್ಕೈವ್‌ನಂಥ ಡಿಜಿಟಲ್ ಭಂಡಾರಗಳಲ್ಲಿ ಪುಸ್ತಕಗಳೂ ಬ್ಲೂಸ್ ರೆಕಾರ್ಡ್‌ಗಳೂ ಒಂದೇ ಸೂರಿನಡಿ ಇವೆ. ಆದರೂ ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಪುಸ್ತಕದ ಕಪಾಟಿಗೆ ಹೋಗಿ ಅಲ್ಲಿಂದಲೇ ಹಿಂತಿರುಗುತ್ತೇವೆ. ಹಾಡು ಬಿಡುವಿನ ವೇಳೆಗೆ ಎಂದುಕೊಳ್ಳುತ್ತೇವೆ. ಬ್ಲೂಸ್ ವಿಷಯದಲ್ಲಿ ಈ ವಿಂಗಡಣೆ ನಡೆಯುವುದಿಲ್ಲ. ಇಲ್ಲಿ ಪುಸ್ತಕ ತಿದ್ದದೆ ಹಾಡು ತಿಳಿಯುವುದಿಲ್ಲ, ಹಾಡು ತಿದ್ದದೆ ಪುಸ್ತಕ ತಿಳಿಯುವುದಿಲ್ಲ.

ಮೊದಲು ಹಾಡಿನ ರಚನೆಯನ್ನೇ ನೋಡೋಣ. ಬ್ಲೂಸ್‌ನ ಸಾಮಾನ್ಯ ಪದ್ಯಕ್ಕೆ ಮೂರು ಸಾಲು. ಮೊದಲ ಸಾಲೇ ಎರಡನೆಯದಾಗಿ ಮತ್ತೆ ಬರುತ್ತದೆ. ಮೂರನೆಯದು ಅದಕ್ಕೆ ಉತ್ತರ ಕೊಡುತ್ತದೆ. ಅಚ್ಚಿನಲ್ಲಿ ಓದಿದರೆ ಎರಡನೆಯ ಸಾಲು ದಂಡವೆನಿಸುತ್ತದೆ, ಕಣ್ಣು ಅದನ್ನು ಹಾರಿಸಿಬಿಡುತ್ತದೆ. ಕೇಳುವಾಗ ಹಾಗಲ್ಲ. ಪ್ರತಿ ಸಾಲಿಗೆ ಮೀಸಲಾದ ಕಾಲದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ದನಿ ತುಂಬುತ್ತದೆ, ಉಳಿದರ್ಧದಲ್ಲಿ ಗಿಟಾರೋ ಪಿಯಾನೋ ಮಾತಾಡುತ್ತದೆ. ಆ ಮಾತು ಕಿವಿಗೆ ಬಿದ್ದ ಮೇಲೆ ಮರಳುವ ಸಾಲು ಮೊದಲಿನ ಸಾಲಾಗಿ ಉಳಿದಿರುವುದಿಲ್ಲ. ಮೊದಲ ಸಲ ಸುದ್ದಿಯಂತೆ ಕೇಳಿದ್ದು ಎರಡನೆಯ ಸಲ ದೂರಾಗಬಹುದು, ನಗೆಯೂ ಆಗಬಹುದು.

ಕನ್ನಡದ ಓದುಗರಿಗೆ ಇದು ತೀರ ಅಪರಿಚಿತವೇನಲ್ಲ. ನಮ್ಮ ತ್ರಿಪದಿಯೂ ಪುಟದ ಮೇಲೆ ಮೂರು ಸಾಲು. ಹಾಡುವಾಗ ಎರಡನೆಯ ಸಾಲಿನ ಮಾತು ಮರಳಿ ಬಂದು ನಾಲ್ಕಾಗುತ್ತದೆ. ಎರಡು ಪ್ರಕಾರಗಳಿಗೂ ನಂಟಿಲ್ಲ, ನಂಟು ಹುಡುಕುವ ಉಮೇದೂ ನನಗಿಲ್ಲ. ಆದರೆ ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಗ್ರಹವನ್ನು ನಾವು ಕಾವ್ಯವಾಗಿ ಓದಿ ಮೆಚ್ಚುವಾಗ ಯಾವುದನ್ನು ಬಿಟ್ಟು ಓದುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಬ್ಲೂಸ್ ರೆಕಾರ್ಡ್‌ಗಳು ಎತ್ತುತ್ತವೆ. ಬೀಸುವಾಗ ಹಾಡಿದ ದನಿಗಳು ಆ ಪುಟಗಳಲ್ಲಿಲ್ಲ. ಬ್ಲೂಸ್‌ಗೆ ದನಿ ಉಳಿದಿದೆ. ಉಳಿದಿರುವುದನ್ನೂ ಕೇಳದೆ ಓದುವುದಕ್ಕೆ ನೆಪವಿಲ್ಲ.

ಕೇಳಿ ಬರೆದ ವಿಮರ್ಶೆ ಹೇಗಿರುತ್ತದೆ ಎಂಬುದಕ್ಕೆ ಏಂಜೆಲಾ ಡೇವಿಸ್ ಅವರ ‘ಬ್ಲೂಸ್ ಲೆಗಸೀಸ್ ಅಂಡ್ ಬ್ಲ್ಯಾಕ್ ಫೆಮಿನಿಸಂ’ (1998) ಒಳ್ಳೆಯ ಉದಾಹರಣೆ. ಮಾ ರೇನಿ ಮತ್ತು ಬೆಸ್ಸೀ ಸ್ಮಿತ್ ಅವರ ರೆಕಾರ್ಡ್‌ಗಳನ್ನು ಕೇಳಿ ಕೇಳಿ ಬರೆದುಕೊಂಡ ಹಾಡುಗಳ ಪಠ್ಯವೇ ಆ ಪುಸ್ತಕದ ದೊಡ್ಡ ಭಾಗ. ದುಡಿಯುವ ಕಪ್ಪು ಹೆಂಗಸರು ಪ್ರೀತಿ, ಹೊಡೆತ, ಊರು ಬಿಟ್ಟು ಹೋಗುವ ಆಸೆ ಇವನ್ನೆಲ್ಲ ಯಾರ ಅಪ್ಪಣೆಯನ್ನೂ ಕೇಳದೆ ಸಾರ್ವಜನಿಕವಾಗಿ ಮಾತಾಡಿದ್ದು ಇಲ್ಲಿ ಎಂಬುದು ಡೇವಿಸ್ ಅವರ ವಾದ. ಪದಗಳನ್ನಷ್ಟೇ ಓದಿದರೆ ಎಷ್ಟೋ ಹಾಡುಗಳು ಗಂಡಸಿನ ಮುಂದೆ ಸೋತ ಹೆಣ್ಣಿನ ಅಳಲಿನಂತೆ ಕಾಣುತ್ತವೆ. ಅದೇ ಹಾಡನ್ನು ಬೆಸ್ಸೀ ಸ್ಮಿತ್ ದನಿಯಲ್ಲಿ ಕೇಳಿದರೆ ಸೋಲಿನ ಸುಳಿವೇ ಸಿಗದಿರಬಹುದು. ವ್ಯಂಗ್ಯ ಅಲ್ಲಿ ಪದದಲ್ಲಿಲ್ಲ, ಪದವನ್ನು ಎಳೆಯುವ ರೀತಿಯಲ್ಲಿದೆ.

ಇದರ ಅರ್ಥ ರೆಕಾರ್ಡ್ ಸತ್ಯ, ಪುಸ್ತಕ ಸುಳ್ಳು ಎಂದಲ್ಲ. ರೆಕಾರ್ಡ್ ಕೂಡ ಮಾರಾಟಕ್ಕೆಂದು ತಯಾರಾದ ಸರಕು. 1920ರ ಆಗಸ್ಟ್‌ನಲ್ಲಿ ಮೇಮಿ ಸ್ಮಿತ್ ಓಕೆ ಕಂಪನಿಗೆ ‘ಕ್ರೇಜಿ ಬ್ಲೂಸ್’ ಹಾಡಿದರು. ಅದು ಖರ್ಚಾದ ಭರ ನೋಡಿ ಕಂಪನಿಗಳು ಕಪ್ಪು ಗಿರಾಕಿಗಳಿಗೆಂದೇ ‘ರೇಸ್ ರೆಕಾರ್ಡ್ಸ್’ ಎಂಬ ಪ್ರತ್ಯೇಕ ಸಾಲು ತೆರೆದವು. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು 3 ನಿಮಿಷ. ಕುಣಿತದ ಮನೆಗಳಲ್ಲಿ ಜನರ ಕಾಲು ದಣಿಯುವವರೆಗೆ ಬೆಳೆಯುತ್ತಿದ್ದ ಹಾಡು ನಾಲ್ಕೈದು ಪದ್ಯಕ್ಕೆ ಇಳಿಯಿತು. ಬ್ಲೂಸ್‌ನ ಬಿಗಿಯನ್ನು ನಾವು ಕಾವ್ಯಗುಣವೆಂದು ಹೊಗಳುವಾಗ ಅದರಲ್ಲಿ ತಟ್ಟೆಯ ಅಳತೆಯ ಪಾಲೂ ಇದೆ.

ಏನನ್ನು ಧ್ವನಿಮುದ್ರಿಸಬೇಕು ಎಂದು ಆರಿಸಿದ್ದೂ ಕಂಪನಿಗಳೇ. ಇದು ತಿಳಿಯಬೇಕಾದರೆ ಮತ್ತೆ ಪುಸ್ತಕದ ಕಪಾಟಿಗೆ ಬರಬೇಕು. 1941ರಲ್ಲಿ ಫಿಸ್ಕ್ ವಿಶ್ವವಿದ್ಯಾಲಯ ಮತ್ತು ಲೈಬ್ರರಿ ಆಫ್ ಕಾಂಗ್ರೆಸ್ ಸೇರಿ ಮಿಸಿಸಿಪಿಯ ಕೊಹೋಮಾ ಕೌಂಟಿಯಲ್ಲಿ ಒಂದು ಅಧ್ಯಯನ ನಡೆಸಿದವು. ಸ್ಟೋವಾಲ್ ಎಂಬ ಹತ್ತಿ ಜಮೀನಿನಲ್ಲಿ ದುಡಿಯುತ್ತಿದ್ದ ಮಕಿನ್ಲಿ ಮಾರ್ಗನ್‌ಫೀಲ್ಡ್ ಮೊದಲ ಬಾರಿಗೆ ಧ್ವನಿಮುದ್ರಿತವಾದದ್ದು ಆಗಲೇ. ಮುಂದೆ ಷಿಕಾಗೋಗೆ ಹೋಗಿ ಮಡಿ ವಾಟರ್ಸ್ ಎಂದು ಲೋಕಪ್ರಸಿದ್ಧರಾದವರು ಅವರೇ. ಈ ಕಥೆಯಲ್ಲಿ ಆಲನ್ ಲೋಮ್ಯಾಕ್ಸ್ ಹೆಸರನ್ನು ಎಲ್ಲರೂ ಕೇಳಿರುತ್ತಾರೆ. ಜೊತೆಗಿದ್ದ ಫಿಸ್ಕ್‌ನ ಸಂಗೀತ ವಿದ್ವಾಂಸ ಜಾನ್ ವರ್ಕ್, ಸಮಾಜಶಾಸ್ತ್ರಜ್ಞ ಲೂಯಿಸ್ ಜೋನ್ಸ್, ವಿದ್ಯಾರ್ಥಿ ಸ್ಯಾಮ್ಯುಯೆಲ್ ಆಡಮ್ಸ್ ಎಂಬ ಕಪ್ಪು ಸಂಶೋಧಕರ ಹೆಸರು ದಶಕಗಳ ಕಾಲ ಮರೆಯಲ್ಲಿತ್ತು. ಅವರ ಬರಹಗಳು ‘ಲಾಸ್ಟ್ ಡೆಲ್ಟಾ ಫೌಂಡ್’ ಎಂಬ ಪುಸ್ತಕವಾಗಿ ಬಂದದ್ದು 2005ರಲ್ಲಿ.

ಆ ಬರಹಗಳ ಜೊತೆ ಕ್ಲಾರ್ಕ್ಸ್‌ಡೇಲ್ ಪಟ್ಟಣದ ಜೂಕ್‌ಬಾಕ್ಸ್‌ಗಳಲ್ಲಿ ಯಾವ ಯಾವ ರೆಕಾರ್ಡ್ ಇತ್ತೆಂಬ ಪಟ್ಟಿಯೂ ಇದೆ. ಡೆಲ್ಟಾ ಬ್ಲೂಸ್‌ನ ತವರೆನಿಸಿದ ಆ ಪಟ್ಟಣದ ಜನ ದೊಡ್ಡ ವಾದ್ಯವೃಂದಗಳ ಜನಪ್ರಿಯ ಹಾಡುಗಳನ್ನೂ ಕಾಸು ಹಾಕಿ ಕೇಳುತ್ತಿದ್ದರು ಎಂಬುದು ಅದರಿಂದ ಗೊತ್ತಾಗುತ್ತದೆ. ಗಿಟಾರ್ ಹಿಡಿದು ಕವಲುದಾರಿಯಲ್ಲಿ ಒಂಟಿಯಾಗಿ ನಿಂತ ಗಾಯಕನ ಚಿತ್ರ ನಮಗೆ ರೆಕಾರ್ಡ್‌ಗಳಿಂದ ಬಂದದ್ದು. ಊರಿನ ಕಿವಿ ಅದಕ್ಕಿಂತ ಅಗಲವಾಗಿತ್ತೆಂದು ಹೇಳುವುದು ಪುಸ್ತಕ. ಭಂಡಾರದ ಹುಡುಕುಪೆಟ್ಟಿಗೆಯಲ್ಲಿ ‘ಬ್ಲೂಸ್’ ಎಂದು ಬರೆದು ಬಂದದ್ದನ್ನೆಲ್ಲ ಒಂದು ಸಮುದಾಯದ ಅಂತರಂಗವೆಂದು ಓದುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

ರೆಕಾರ್ಡ್‌ನ ಗೀಚುಸದ್ದೂ ಒಂದು ದಾಖಲೆಯೇ. ಗೀಷಿ ವೈಲಿ ಎಂಬಾಕೆ 1930ರಲ್ಲಿ ವಿಸ್ಕಾನ್ಸಿನ್‌ನ ಗ್ರಾಫ್ಟನ್‌ನಲ್ಲಿ ಪ್ಯಾರಮೌಂಟ್ ಕಂಪನಿಗೆ ಹಾಡಿದರು. ಆ ಕಂಪನಿಯ ಒಡೆತನ ಒಂದು ಕುರ್ಚಿ ಕಾರ್ಖಾನೆಯದು. ಮೂಲ ಅಚ್ಚುಗಳನ್ನು ಜೋಪಾನ ಮಾಡುವ ಗೊಡವೆಗೆ ಯಾರೂ ಹೋಗಲಿಲ್ಲ. ಇವತ್ತು ನಮಗೆ ಕೇಳಿಸುವುದು ಯಾರದೋ ಮನೆಯಲ್ಲಿ ಸೂಜಿ ಓಡಿ ಓಡಿ ಸವೆದ ತಟ್ಟೆ. ಅದೇ ಕಂಪನಿಗೆ ವಿಲಿ ಬ್ರೌನ್ ಹಾಡಿದ ಒಂದು ತಟ್ಟೆಯ ಒಂದೇ ಒಂದು ಪ್ರತಿಯೂ ಈವರೆಗೆ ಸಿಕ್ಕಿಲ್ಲ. ಗೀಚುಗಳನ್ನೆಲ್ಲ ಅಳಿಸಿ ನಯಗೊಳಿಸಿದ ಆವೃತ್ತಿಗಿಂತ ಆರ್ಕೈವ್‌ನ 78ರ ಯೋಜನೆಯ ಕ್ರಮ ನನಗೆ ಹಿಡಿಸುತ್ತದೆ. ಅವರು 4 ಗಾತ್ರದ ಸೂಜಿಗಳಿಂದ ಓದಿಸಿ, ಸದ್ದನ್ನು ಇದ್ದ ಹಾಗೇ ಇಟ್ಟು, ತಟ್ಟೆಯ ನಡುವಿನ ಚೀಟಿಯ ಚಿತ್ರವನ್ನೂ ಕೊಡುತ್ತಾರೆ. ಹಳೆಯ ಪುಸ್ತಕದ ಅಂಚಿನಲ್ಲಿ ಯಾರೋ ಎಳೆದ ಪೆನ್ಸಿಲ್ ಗೆರೆಯನ್ನು ನಾವು ಅಳಿಸುತ್ತೇವೆಯೇ?

ಇಷ್ಟು ಹತ್ತಿರವಿರುವ ಎರಡು ಕಪಾಟುಗಳನ್ನು ಕಾನೂನು ಬೇರೆ ಬೇರೆ ಗಡಿಯಾರಕ್ಕೆ ಕಟ್ಟಿದೆ. ಅಮೆರಿಕದಲ್ಲಿ ಆ ಕಾಲದ ಪುಸ್ತಕಕ್ಕೆ 95 ವರ್ಷದ ಹಕ್ಕು. 2018ರ ಕಾನೂನಿನ ಪ್ರಕಾರ 1923ರಿಂದ 1946ರವರೆಗಿನ ರೆಕಾರ್ಡ್‌ಗಳಿಗೆ 100 ವರ್ಷ. ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ‘ದಿ ವೇರಿ ಬ್ಲೂಸ್’ 1926ರ ಕವನಸಂಕಲನ. ಅದು 2022ರಲ್ಲಿ ಎಲ್ಲರ ಸ್ವತ್ತಾಯಿತು. ಅದೇ 1926ರಲ್ಲಿ ಬ್ಲೈಂಡ್ ಲೆಮನ್ ಜೆಫರ್ಸನ್ ಹಾಡಿ ಹೊರಬಂದ ತಟ್ಟೆಗಳು 2027ರವರೆಗೆ ಕಾಯಬೇಕು. ಬ್ಲೂಸ್‌ನಿಂದ ಹುಟ್ಟಿದ ಕವಿತೆ ಬಿಡುಗಡೆಯಾಗಿ 5 ವರ್ಷವಾದ ಮೇಲೆ ಬ್ಲೂಸ್‌ಗೆ ಬಿಡುಗಡೆ. ಹಕ್ಕು ಕಾಯ್ದುಕೊಂಡವರು ಬಹುಮಟ್ಟಿಗೆ ಕಂಪನಿಗಳು. ಹಾಡಿದವರಲ್ಲಿ ಅನೇಕರು ಆ ದಿನದ ಕೂಲಿಯಂತೆ ಒಂದಿಷ್ಟು ಹಣ ಪಡೆದು ಹೋದವರು.

ಆರ್ಕೈವ್ ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಪ್ರಕಾಶಕರು ಹೂಡಿದ ದಾವೆಯಲ್ಲಿ ಅದು 2023ರಲ್ಲಿ ಸೋತಿತು, 2024ರ ಮೇಲ್ಮನವಿಯಲ್ಲೂ ಸೋತಿತು. ಸುಮಾರು 5 ಲಕ್ಷ ಪುಸ್ತಕಗಳು ಎರವಲಿನಿಂದ ಹೊರಬಿದ್ದವು. 78ರ ತಟ್ಟೆಗಳ ಬಗ್ಗೆ 2023ರಲ್ಲಿ ಸಂಗೀತ ಕಂಪನಿಗಳೂ ದಾವೆ ಹೂಡಿದವು. ಬರೆಯುವವರ ಹೊಟ್ಟೆಪಾಡಿನ ಪ್ರಶ್ನೆ ಸಣ್ಣದಲ್ಲ. ಆದರೆ ತೀರಿಹೋದ ಗಾಯಕಿಯ ತೊಂಬತ್ತು ವರ್ಷದ ಹಿಂದಿನ ದನಿಯನ್ನು ಬೀಗ ಹಾಕಿಟ್ಟರೆ ಯಾರ ಹೊಟ್ಟೆ ತುಂಬುತ್ತದೆ ಎಂಬುದೂ ಪ್ರಶ್ನೆಯೇ. ದೊಡ್ಡ ಗ್ರಂಥಾಲಯ ಹತ್ತಿರವಿಲ್ಲದ ಸಂಶೋಧಕರಿಗೆ ಇದು ತಾತ್ವಿಕ ಚರ್ಚೆಯಾಗಿ ಉಳಿಯುವುದಿಲ್ಲ. ಮೂಲ ಸಿಕ್ಕದಿದ್ದಾಗ ನಾವು ಇತರರು ಮೂಲದ ಬಗ್ಗೆ ಬರೆದದ್ದನ್ನು ಆಧರಿಸಿ ಬರೆಯುತ್ತೇವೆ, ಆ ಬರಹ ಮುಂದಿನವರಿಗೆ ಆಧಾರವಾಗುತ್ತದೆ. ಜಾನ್ ವರ್ಕ್ ಅವರ ಹೆಸರು ಅಷ್ಟು ಕಾಲ ಮರೆಯಾದದ್ದೂ ಹೀಗೆಯೇ: ಅವರ ಹಸ್ತಪ್ರತಿ ಓದುಗರ ಕೈಗೆ ಎಟುಕಲಿಲ್ಲ.

ಅಂದು ಓದಿ ಮುಗಿಸಿದ್ದ ಡುಬಾಯ್ಸ್ ಪುಸ್ತಕವನ್ನು ಈಗ ಮತ್ತೆ ಓದುತ್ತಿದ್ದೇನೆ. ಸ್ವರಲಿಪಿ ಓದಲು ನನಗೆ ಬರುವುದಿಲ್ಲ. ಹಾಗಾಗಿ ಪ್ರತಿ ಅಧ್ಯಾಯ ತೆರೆಯುವ ಮೊದಲು ಕೊನೆಯ ಅಧ್ಯಾಯಕ್ಕೆ ಹೋಗಿ ಹಾಡಿನ ಹೆಸರು ಹುಡುಕಿ, ಅದರ ಹಳೆಯ ರೆಕಾರ್ಡ್ ಸಿಕ್ಕರೆ ಕೇಳಿ, ಆಮೇಲೆ ಗದ್ಯಕ್ಕೆ ಬರುತ್ತೇನೆ. ಓದು ತುಂಬ ನಿಧಾನವಾಗಿದೆ. ಮೊದಲ ಸಲ ವಾದವೆಂದು ಗುರುತು ಹಾಕಿಕೊಂಡಿದ್ದ ಕೆಲವು ವಾಕ್ಯಗಳು ಈಗ ಹಾಡಿಗೆ ಕೊಟ್ಟ ಉತ್ತರಗಳಂತೆ ಕೇಳುತ್ತಿವೆ.