ಶ್ರವಣ ಸಂಸ್ಕರಣ ದೋಷ: ವಂಶವೋ ಶೈಶವವೋ?

ಕಿವಿ ಶಬ್ದವನ್ನು ಗ್ರಹಿಸಿದರೂ ಮಿದುಳು ಅದನ್ನು ವಿಂಗಡಿಸಲಾರದ ಸ್ಥಿತಿಗೆ ಶ್ರವಣ ಸಂಸ್ಕರಣ ದೋಷವೆಂದು ಹೆಸರು. ಇದು ವಂಶದಿಂದ ಬಂದದ್ದೋ ಶೈಶವದ ಕಿವಿಬೇನೆಯಿಂದ ಬಂದದ್ದೋ ಎಂದು ವಾದಿಸುವುದುಂಟು. ಈ ವಿಭಾಗವೇ ಸಡಿಲವೆಂದು ನಮಗೆ ತೋರುತ್ತದೆ.

ವಂಶಪಕ್ಷದ ಮುಖ್ಯ ಆಧಾರ, 2007ರಲ್ಲಿ ಮೊರೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಅವಳಿಗಳ ಅಧ್ಯಯನ. ಎರಡು ಕಿವಿಗಳಿಗೂ ಏಕಕಾಲದಲ್ಲಿ ಬೇರೆ ಬೇರೆ ಶಬ್ದಗಳನ್ನು ಕೇಳಿಸುವ ಪರೀಕ್ಷೆಯಲ್ಲಿ ಆನುವಂಶಿಕತೆಯ ಪ್ರಮಾಣ 0.73ರವರೆಗೆ ಕಂಡಿತು. ಸಂಖ್ಯೆ ದೊಡ್ಡದು, ನಿಜ. ಆದರೆ ಅದು ಒಂದು ಸಮೂಹದೊಳಗಣ ವ್ಯತ್ಯಾಸದ ಅಳತೆಯೇ ಹೊರತು ಒಂದು ಮಗುವಿನ ಹಣೆಬರಹವಲ್ಲ.

ಅಲ್ಲದೆ, ನಡುಗಿವಿಯಲ್ಲಿ ದ್ರವ ನಿಲ್ಲುವ ಪ್ರವೃತ್ತಿಯೂ ಬಹುಮಟ್ಟಿಗೆ ಆನುವಂಶಿಕವೆಂದು 1999ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗಿನ ಅವಳಿ-ತ್ರಿವಳಿಗಳ ಅಧ್ಯಯನ ತೋರಿಸಿದೆ. ಹೆತ್ತವರಿಂದ ಬಂದ ಆ ಪ್ರವೃತ್ತಿ, ಮಾತು ಕಲಿಯುವ ಕಾಲದಲ್ಲೇ ಮಗುವಿನ ಕಿವಿಯನ್ನು ತಿಂಗಳುಗಟ್ಟಲೆ ಮಂದಗೊಳಿಸಿ, ಬಳೆ–ಬಾಳೆ, ಬಳಿ–ಬಳ್ಳಿಗಳ ಭೇದವನ್ನು ಮಸುಕಾಗಿಸಿದರೆ ಅದನ್ನು ಯಾವ ಪಕ್ಷಕ್ಕೆ ಸೇರಿಸುವುದು? ವಂಶದಿಂದ ಬಂದದ್ದಾದರೂ ಆ ದ್ರವವನ್ನು ವೈದ್ಯರು ತೆಗೆಯಬಲ್ಲರು. ವಂಶವೆಂದೊಡನೆ ಕೈಚೆಲ್ಲುವವರು ಇದನ್ನು ಮರೆಯುತ್ತಾರೆ.

ಪರೀಕ್ಷೆಯ ಭಾಷೆ ಇನ್ನೊಂದು ತೊಡಕು. ಬೆಂಗಳೂರಿನ ಹೇರೋಹಳ್ಳಿಯಂಥ ಬಡಾವಣೆಯಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಕೇಳುವ ಮಗು ಇಂಗ್ಲಿಷ್ ಪದಗಳ ಪರೀಕ್ಷೆಯಲ್ಲಿ ತಡವರಿಸಿದರೆ, ಅದು ಶ್ರವಣದೋಷವೋ ಭಾಷೆಯ ಅಪರಿಚಯವೋ? 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಆಶಾ ಯತಿರಾಜ್ ಮೊದಲಾದವರು, ಶಾಲೆಯ ಉಪಾಧ್ಯಾಯರೇ ಉತ್ತರಿಸಬಹುದಾದ 12 ಪ್ರಶ್ನೆಗಳ ಪಟ್ಟಿಯನ್ನು ರೂಪಿಸಿದ್ದಾರೆ. ಅದರ ಜೊತೆಗೆ ಮಗುವಿನ ಮನೆಮಾತನ್ನೂ ಎಳವೆಯ ಕಿವಿಬೇನೆಯನ್ನೂ ಕೇಳಿ ಬರೆದಿಡಬೇಕೆಂಬುದು ನಮ್ಮ ಅಭಿಪ್ರಾಯ. ಹಾಗಲ್ಲದಿದ್ದರೆ ಹಿಂದಿನ ಬೆಂಚಿನ ಆ ಮಗುವಿಗೆ ‘ದಡ್ಡ’ನೆಂಬ ಹೆಸರೇ ಉಳಿಯುತ್ತದೆ.