ಕಾಲದ ಜರಡಿಯಲ್ಲಿ ಉಳಿಯುವ ಚಿತ್ರಗಳು

ಕಳೆದ ಬೇಸಿಗೆಯಲ್ಲಿ ತುಂಗಭದ್ರೆಯ ದಡದ ಹಲವಾಗಲಿನಲ್ಲಿ ಬಂಧುಗಳ ಮನೆಯೊಂದರಲ್ಲಿ ಎರಡು ದಿನ ತಂಗಿದ್ದೆ. ಸಂಜೆ ಕಟ್ಟೆಯ ಮೇಲೆ ಕುಳಿತು ಹಳೆಯ ಚಿತ್ರಗಳ ಮಾತಾಡುತ್ತಿದ್ದಾಗ ಹಿರಿಯರೊಬ್ಬರು, "ಬಂಗಾರದ ಮನುಷ್ಯ ನೋಡಾಕ ಬಂಡಿ ಕಟ್ಟಿಕೊಂಡು ಹೋಗಿದ್ವಿ. ಈಗಿನ ಸಿನಿಮಾದಾಗ ಐವತ್ತು ವರ್ಷ ಕಳೆದ ಮ್ಯಾಲೂ ನೆನಪಿನ್ಯಾಗ ಉಳಿಯುವಂಥಾದ್ದು ಯಾವುದೈತ್ರೀ?" ಎಂದು ಕೇಳಿದರು. ಕೂಡಲೇ ಉತ್ತರಿಸಲಾಗಲಿಲ್ಲ. ಊರಿಗೆ ಮರಳಿದ ಮೇಲೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಈ ಲೇಖನ ಅವರಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಅಭಿಜಾತ ಎಂದು ನಾವು ಕರೆಯುವ ಕೃತಿ ಹುಟ್ಟುವಾಗಲೇ ಆ ಹೆಸರು ಹೊತ್ತು ಬರುವುದಿಲ್ಲ. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' 1970ರಲ್ಲಿ ಮೊದಲು ಸೆನ್ಸಾರ್ ಮಂಡಳಿಯ ನಿಷೇಧವನ್ನು ಎದುರಿಸಿತು. ಆ ಬಳಿಕವೇ ಅದಕ್ಕೆ ಬಿಡುಗಡೆಯ ಭಾಗ್ಯ ಬಂತು, ರಾಷ್ಟ್ರಮಟ್ಟದ ಶ್ರೇಷ್ಠ ಚಿತ್ರವೆಂಬ ಮನ್ನಣೆಯೂ ದೊರೆಯಿತು. ಇನ್ನೊಂದೆಡೆ ಸಿದ್ಧಲಿಂಗಯ್ಯನವರ 'ಬಂಗಾರದ ಮನುಷ್ಯ' 1972ರಲ್ಲಿ ತೆರೆಗೆ ಬಂದಾಗಿನಿಂದಲೇ ಜನರ ಚಿತ್ರ. ಒಂದು ವಿದ್ವಾಂಸರ ಕೈಹಿಡಿದು ನಡೆದು ಬಂತು, ಇನ್ನೊಂದು ಜನಸಾಮಾನ್ಯರ ಹೆಗಲೇರಿ ಬಂತು. ಆದರೆ ಎರಡರಲ್ಲೂ ಸಮಾನವಾದ ಒಂದು ಗುಣವಿದೆ. ಎರಡೂ ತಮ್ಮ ಕಾಲದ ಮನುಷ್ಯನ ಮುಂದೆ ಒಂದು ಕಠಿಣ ಪ್ರಶ್ನೆಯನ್ನಿಟ್ಟವು; ಉತ್ತರವನ್ನು ನೋಡುವವನಿಗೇ ಬಿಟ್ಟವು. ಊರಿಗೆಲ್ಲ ಬೇಕಾದ ರಾಜೀವ ಕೊನೆಯಲ್ಲಿ ಎಲ್ಲವನ್ನೂ ತೊರೆದು ಹೊರಟುಹೋಗುತ್ತಾನೆ. ದುಡಿದವನಿಗೆ ಮನೆಯಲ್ಲೇ ಜಾಗವಿಲ್ಲದಂತಾದದ್ದು ಏಕೆ ಎಂಬ ನೋವು ಇಂದಿಗೂ ಪ್ರೇಕ್ಷಕನನ್ನು ಕಾಡುತ್ತದೆ.

ಈ ಅಳತೆಗೋಲನ್ನು ಹಿಡಿದು ಈಚಿನ ಚಿತ್ರಗಳತ್ತ ನೋಡಿದರೆ ಮೊದಲು ಎದುರಾಗುವುದು ರಾಮ್ ರೆಡ್ಡಿಯವರ 'ತಿಥಿ'. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪುರಸ್ಕೃತವಾಗಿ, ಮರುವರ್ಷ ನಮ್ಮಲ್ಲಿ ಬಿಡುಗಡೆಯಾದ ಈ ಚಿತ್ರದಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಗರೇ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಮೊಮ್ಮಗ ತಮ್ಮಣ್ಣ ಹೊಲವನ್ನು ಮಾರಲು ಹವಣಿಸುತ್ತಾನೆ. ಹೊಲಕ್ಕೆ ವಾರಸುದಾರನಾದ ತಂದೆ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಇಲ್ಲ. ಆದ್ದರಿಂದ ಮಗ ಬದುಕಿರುವ ತಂದೆಯ ಹೆಸರಿನಲ್ಲಿ ಮರಣ ಪ್ರಮಾಣಪತ್ರ ಮಾಡಿಸಲು ಹೊರಡುತ್ತಾನೆ. ನಾವು ನಕ್ಕು ನಕ್ಕು ಸಾಕಾಗುತ್ತೇವೆ. ಚಿತ್ರಮಂದಿರದಿಂದ ಹೊರಬಂದ ಮೇಲೆ ನಕ್ಕದ್ದಕ್ಕೆ ಒಳಗೊಳಗೇ ಸಂಕಟಪಡುತ್ತೇವೆ.

ಇಲ್ಲಿ ಕನ್ನಡದ ಇನ್ನೊಂದು ಚಿತ್ರ ನೆನಪಾಗುತ್ತದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977). ಅಲ್ಲಿ ಬದುಕಿರುವ ಯಮುನಕ್ಕನಿಗೆ ಸತ್ತವರ ಕರ್ಮವನ್ನು ಮಾಡಿ ಅಗ್ರಹಾರ ಆಕೆಯನ್ನು ಹೊರಹಾಕುತ್ತದೆ. 'ತಿಥಿ'ಯಲ್ಲಿ ಬದುಕಿರುವ ಮುದುಕನನ್ನು ಸ್ವಂತ ಮಗನೇ ಕಾಗದದ ಮೇಲೆ ಸಾಯಿಸುತ್ತಾನೆ. ಅಲ್ಲಿ ಮಡಕೆ ಒಡೆದರು, ಇಲ್ಲಿ ಮೊಹರು ಒತ್ತಿದರು. ನಾಲ್ಕು ದಶಕಗಳ ನಡುವೆ ನಮ್ಮ ಸಮಾಜದಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದಕ್ಕೆ ಈ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಸಾಕು. ಧರ್ಮದ ಹೆಸರಿನಲ್ಲಿ ನಡೆಯುತ್ತಿದ್ದ ಬಹಿಷ್ಕಾರ ಈಗ ಹಣದ ಹೆಸರಿನಲ್ಲಿ ನಡೆಯುತ್ತಿದೆ. ಹಿಂದಿನ ಮಹತ್ತ್ವದ ಕೃತಿಯೊಂದರೊಡನೆ ಸರಿಸಮನಾಗಿ ಕುಳಿತು ಮಾತಾಡಬಲ್ಲ ಕೃತಿಗೆ ಆಯುಷ್ಯ ಹೆಚ್ಚು. ಆದ್ದರಿಂದ 'ತಿಥಿ' ಉಳಿಯುತ್ತದೆಂದು ನಾನು ಸಂಕೋಚವಿಲ್ಲದೆ ಹೇಳಬಲ್ಲೆ.

ಎರಡನೆಯದು ನಮ್ಮ ಸೀಮೆಗೆ ಹತ್ತಿರದ ಚಿತ್ರ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಗ್ರಾಮದಲ್ಲಿ ಜೈಶಂಕರ್ ಆರ್ಯರ್ ಅವರು ಊರವರನ್ನೇ ಪಾತ್ರಧಾರಿಗಳನ್ನಾಗಿಸಿ ತೆಗೆದ 'ಶಿವಮ್ಮ'. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಈ ಚಿತ್ರ ನಮ್ಮಲ್ಲಿ ಬಿಡುಗಡೆಯಾದದ್ದು 2024ರಲ್ಲಿ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಬೆಳೆದು ನಿಂತ ಮಗಳು. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಶಿವಮ್ಮ ಶಕ್ತಿವರ್ಧಕವೊಂದನ್ನು ಮಾರುವ ಸರಪಣಿ ವ್ಯಾಪಾರಕ್ಕೆ ತೊಡಗಿಸುತ್ತಾಳೆ. ಮನೆಮನೆ ತಿರುಗುತ್ತಾಳೆ, ಬೈಸಿಕೊಳ್ಳುತ್ತಾಳೆ, ಆದರೂ ಹಿಂಜರಿಯುವುದಿಲ್ಲ.

ನಮ್ಮ ಊರುಗಳಲ್ಲಿ ಇಂಥ ವ್ಯಾಪಾರಕ್ಕೆ ಬಿದ್ದು ಕೈಸುಟ್ಟುಕೊಂಡವರು ಯಾರಿಗೆ ಗೊತ್ತಿಲ್ಲ? ಸುಲಭವಾಗಿ ಇದು 'ಮೋಸ ಹೋಗಬೇಡಿ' ಎಂಬ ಬೋಧನೆಯ ಚಿತ್ರವಾಗಬಹುದಿತ್ತು. ಇಲ್ಲವೇ ಛಲಗಾತಿಯ ವಿಜಯಗಾಥೆಯಾಗಬಹುದಿತ್ತು. ನಿರ್ದೇಶಕರು ಎರಡೂ ದಾರಿ ಹಿಡಿಯಲಿಲ್ಲ. ಆಕೆಯನ್ನು ಹಂಗಿಸಲೂ ಇಲ್ಲ, ಪೀಠಕ್ಕೇರಿಸಲೂ ಇಲ್ಲ. 1975ರ 'ಚೋಮನ ದುಡಿ'ಯಲ್ಲಿ ಚೋಮ ಬಯಸಿದ್ದು ಒಂದು ತುಂಡು ಭೂಮಿ. ಆ ಕನಸು ಅವನ ಎದೆಯಲ್ಲೇ ಹುಟ್ಟಿದ್ದು. ಶಿವಮ್ಮನ ಕನಸನ್ನಾದರೋ ಯಾರೋ ಸಭೆ ಕರೆದು, ಭಾಷಣ ಮಾಡಿ ಆಕೆಗೆ ಮಾರಿದ್ದಾರೆ. ಬಡವನ ಹಸಿವನ್ನು ಶೋಷಿಸಿದ ಕಾಲ ಒಂದಿತ್ತು. ಈಗ ಬಡವನ ಆಸೆಯೇ ಸರಕಾಗಿದೆ. ನಮ್ಮ ಯುಗದ ಈ ಸತ್ಯವನ್ನು ಇಷ್ಟು ಮೆಲುದನಿಯಲ್ಲಿ ಹೇಳಿದ ಕನ್ನಡ ಚಿತ್ರ ಇನ್ನೊಂದನ್ನು ನಾನು ಕಾಣೆ.

ಇನ್ನೊಂದು ಮಾತು. ನಮ್ಮ ಭಾಗದ ಆಡುನುಡಿ ಬಹುಕಾಲ ತೆರೆಯ ಮೇಲೆ ನಗೆಪಾಟಲಿನ ಭಾಷೆಯಾಗಿತ್ತು. ನಾಯಕನ ಪಕ್ಕದ ವಿದೂಷಕನಿಗೆ ಮಾತ್ರ ಮೀಸಲಾಗಿತ್ತು. 'ಶಿವಮ್ಮ'ನಲ್ಲಿ ಅದೇ ನುಡಿಯಲ್ಲಿ ಒಬ್ಬ ತಾಯಿ ಲೆಕ್ಕ ಹಾಕುತ್ತಾಳೆ, ಜಗಳವಾಡುತ್ತಾಳೆ, ಕನಸು ಕಾಣುತ್ತಾಳೆ. ಈ ಗೌರವ ಸಣ್ಣದಲ್ಲ.

ಮೂರನೆಯದು ನಟೇಶ್ ಹೆಗಡೆಯವರ 'ಪೆದ್ರೊ' (2021). ಈ ಪತ್ರಿಕೆಯ ಓದುಗರಿಗೆ ಇದು ವಿಶೇಷವಾಗಿ ಸಂಬಂಧಪಟ್ಟದ್ದು. ಮಲೆನಾಡಿನ ಹಳ್ಳಿಯೊಂದರಲ್ಲಿ ವಿದ್ಯುತ್ ತಂತಿಗಳ ಕೆಲಸ ಮಾಡುವ ನಡುವಯಸ್ಸಿನ ಕ್ರೈಸ್ತ ಪೆದ್ರೊ. ಪಾತ್ರಧಾರಿ ನಿರ್ದೇಶಕರ ತಂದೆ ಗೋಪಾಲ ಹೆಗಡೆಯವರೇ. ಅಚಾತುರ್ಯದಿಂದ ಪೆದ್ರೊನ ಕೈಯಲ್ಲಿ ಹಸುವೊಂದು ಸಾಯುತ್ತದೆ. ಅಲ್ಲಿಯವರೆಗೆ ಎಲ್ಲರ ಮನೆಗೂ ಬೇಕಾಗಿದ್ದವನು ಅಂದಿನಿಂದ ಹೊರಗಿನವನಾಗುತ್ತಾನೆ.

ಕನ್ನಡ ಚಿತ್ರಗಳಲ್ಲಿ ಕ್ರೈಸ್ತ ಪಾತ್ರವೆಂದರೆ ಬಹುಕಾಲ ಕುಡುಕನೋ, ಕ್ಲಬ್ಬಿನ ನರ್ತಕಿಯೋ, ಇಲ್ಲವೇ ಎರಡು ನಿಮಿಷ ಬಂದು ಹರಸಿ ಹೋಗುವ ಪಾದ್ರಿಯೋ ಆಗಿರುತ್ತಿತ್ತು. ನಮಗೆ ಅದು ನೋವು ತಂದದ್ದು ನಿಜ. ಆದರೆ 'ಪೆದ್ರೊ' ಆ ನೋವಿಗೆ ಸಿದ್ಧ ಮುಲಾಮು ಹಚ್ಚುವುದಿಲ್ಲ. ಅವನು ಸಂತನಲ್ಲ, ಕುಡಿಯುತ್ತಾನೆ, ಸಿಡುಕುತ್ತಾನೆ, ಮನೆಯವರಿಗೂ ಒಗಟಾಗಿಯೇ ಉಳಿಯುತ್ತಾನೆ. ಚಿತ್ರ ನೋಡುತ್ತಿದ್ದಾಗ, ನಮ್ಮವನೊಬ್ಬ ಇನ್ನಷ್ಟು ಒಳ್ಳೆಯವನಾಗಿ ಕಾಣಿಸಿಕೊಳ್ಳಬಾರದಿತ್ತೆ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಆಮೇಲೆ ಆ ಆಸೆಯ ಬಗ್ಗೆ ನಾಚಿಕೆಯಾಯಿತು. ಒಳ್ಳೆಯವನಾಗಿದ್ದರೆ ಮಾತ್ರ ನ್ಯಾಯಕ್ಕೆ ಅರ್ಹ ಎನ್ನುವುದಾದರೆ ನಮ್ಮಲ್ಲಿ ಎಷ್ಟು ಮಂದಿ ಅರ್ಹರು? ಶಿವರಾಮ ಕಾರಂತರ ಚೋಮ ಭೂಮಿಯ ಆಸೆಗೆ ಮತಾಂತರದ ಹೊಸ್ತಿಲವರೆಗೆ ಬಂದು ಹಿಂದಿರುಗಿದ. ಪೆದ್ರೊ ಆ ಹೊಸ್ತಿಲಿನ ಈಚೆಗೇ ಹುಟ್ಟಿದವನು. ಒಂಟಿತನ ಮಾತ್ರ ಇಬ್ಬರದೂ ಒಂದೇ.

ಹಾಗಾದರೆ ನಾಡನ್ನೇ ಅಲುಗಾಡಿಸಿದ 'ಕಾಂತಾರ' (2022)? ಅದನ್ನು ಬಿಟ್ಟು ಈ ಚರ್ಚೆ ಮುಗಿಯದು. ರಿಷಬ್ ಶೆಟ್ಟಿಯವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ತಂದ ಆ ಚಿತ್ರದ ಕೊನೆಯ ಭಾಗದ ಆವೇಶವನ್ನು ಕಂಡವರು ಮರೆಯಲಾರರು. ಅಧಿಕಾರವಿಲ್ಲದವರ ಭೂಮಿಯ ಹಕ್ಕು ಅಲ್ಲಿನ ವಸ್ತುವೆಂಬುದೂ ನಿಜ. ಆದರೂ ನನಗೊಂದು ಅನುಮಾನ. ಅದರ ನಡುಭಾಗ ವಾಡಿಕೆಯ ನಾಯಕ, ವಾಡಿಕೆಯ ಹೊಡೆದಾಟ, ವಾಡಿಕೆಯ ಪ್ರೇಮಪ್ರಸಂಗಗಳಲ್ಲಿ ಸಾಗುತ್ತದೆ. ಕಗ್ಗಂಟಾದ ಪ್ರಶ್ನೆಯನ್ನು ಮನುಷ್ಯರು ಬಿಡಿಸುವುದಿಲ್ಲ, ದೈವವೇ ಬಂದು ಬಿಡಿಸುತ್ತದೆ. ಚಿತ್ರಮಂದಿರದಿಂದ ಮೈನವಿರೆದ್ದು ಹೊರಬಂದೆನೇ ಹೊರತು ಪ್ರಶ್ನೆಯೊಂದನ್ನು ಹೊತ್ತು ಬರಲಿಲ್ಲ. ಅದು ಒಂದು ಘಟನೆಯಾಗಿ ಇತಿಹಾಸದಲ್ಲಿ ಉಳಿಯುತ್ತದೆ. ಕೃತಿಯಾಗಿ ಉಳಿಯುವುದೇ ಎಂಬುದನ್ನು ಅದರ ಅಬ್ಬರ ತಣಿದ ಮೇಲೆ ನೋಡುವವರು ಹೇಳಬೇಕು. ನನ್ನ ಮಾತು ಸುಳ್ಳಾದರೆ ನನಗೆ ಸಂತೋಷವೇ.

ಇಷ್ಟು ಹೇಳಿದ ಮೇಲೆ ಒಂದು ಆತಂಕವನ್ನೂ ಹೇಳಬೇಕು. ಉಳಿಯುವ ಯೋಗ್ಯತೆ ಬೇರೆ, ಉಳಿಯುವ ಭಾಗ್ಯ ಬೇರೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿ ಇಂದು ಎಲ್ಲಿಯೂ ಇಲ್ಲ. ಅದೇ 'ಘಟಶ್ರಾದ್ಧ'ವನ್ನು ತಜ್ಞರು ಶ್ರಮಪಟ್ಟು ಜೀರ್ಣೋದ್ಧಾರ ಮಾಡಿದ್ದರಿಂದ ಅದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಬೆಳಕು ಕಂಡಿತು. ಸಂರಕ್ಷಣೆಯಷ್ಟೇ ಮುಖ್ಯವಾದದ್ದು ಜನರಿಗೆ ತಲುಪುವುದು. 'ಬಂಗಾರದ ಮನುಷ್ಯ' ಉಳಿದದ್ದು ಅದನ್ನು ಜನ ಟೆಂಟುಗಳಲ್ಲಿ, ಜಾತ್ರೆಗಳಲ್ಲಿ, ಆಮೇಲೆ ದೂರದರ್ಶನದಲ್ಲಿ ಮತ್ತೆ ಮತ್ತೆ ನೋಡಿದ್ದರಿಂದ. ಬೂಸಾನಿನ ಪ್ರೇಕ್ಷಕರು ಎದ್ದು ನಿಂತು ಮೆಚ್ಚಿದರೂ ಯರೇಹಂಚಿನಾಳದ ಪಕ್ಕದ ತಾಲ್ಲೂಕಿನವರು ನೋಡದಿದ್ದರೆ 'ಶಿವಮ್ಮ' ಯಾರ ನೆನಪಿನಲ್ಲಿ ಬದುಕಬೇಕು? ಹಲವಾಗಲಿನ ಕಟ್ಟೆಯ ಮೇಲೆ ನಾನು ಆ ಹೆಸರೆತ್ತಿದಾಗ ಕೇಳಿದ್ದೇನೆಂದವರು ಒಬ್ಬರೂ ಇರಲಿಲ್ಲ.

ಹಲವಾಗಲಿನಿಂದ ಬಹುದೂರವಲ್ಲದ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ಅದರ ಅರ್ಥವನ್ನು ಅವನು ವಿವರಿಸುವುದಿಲ್ಲ. ನೆರೆದ ರೈತರು ಊರಿಗೆ ಹೊತ್ತೊಯ್ದು, ಮಳೆ ಬೆಳೆ ನೋಡುತ್ತ ವರ್ಷವಿಡೀ ಅರ್ಥ ಹುಡುಕುತ್ತಾರೆ. ವಿಮರ್ಶಕನ ಮಾತೂ ಅಷ್ಟೇ. ಅದನ್ನು ನಿಜ ಮಾಡುವವರು ನೋಡುವವರು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಬರುವ ಬೇಸಿಗೆಯ ರಜೆಯಲ್ಲಿ ನಿಮ್ಮ ಊರಿನ ಶಾಲೆಯಲ್ಲೋ, ಯುವಕೂಟದಲ್ಲೋ ಸಂಬಂಧಪಟ್ಟವರ ಒಪ್ಪಿಗೆ ಪಡೆದು ಇವುಗಳಲ್ಲಿ ಒಂದನ್ನಾದರೂ ಹತ್ತು ಜನ ಕೂಡಿ ನೋಡಿ. ಮುಗಿದ ಕೂಡಲೇ ಎದ್ದು ಹೋಗದೆ ಅರ್ಧ ಗಂಟೆ ಕುಳಿತು ಮಾತಾಡಿ. ನಾನೂ ಮತ್ತೊಮ್ಮೆ ಹಲವಾಗಲಿಗೆ ಹೋಗುವವನಿದ್ದೇನೆ. ಈ ಸಲ ಆ ಹಿರಿಯರಿಗೆ ಉತ್ತರ ಹೇಳುವುದಕ್ಕಿಂತ 'ಶಿವಮ್ಮ'ನನ್ನು ತೋರಿಸಬೇಕೆಂದಿದ್ದೇನೆ. ಅದು ಉಳಿಯುತ್ತದೋ ಇಲ್ಲವೋ, ಅವರೇ ಹೇಳಲಿ.